ಬ್ಯಾಟರಿ ಎಂದರೆ ಟಾರ್ಚ್: ಇದು ತಪ್ಪು ಉತ್ತರವೇ?

ಪಾಠಯೋಜನೆಯಲ್ಲಿ ‘ಬ್ಯಾಟರಿ’ಗೆ ನಾವು ಕೊಡುವುದು ಒಂದೇ ಸಾಲು: ಎರಡು ಅಥವಾ ಹೆಚ್ಚು ವಿದ್ಯುತ್ ಕೋಶಗಳ ಜೋಡಣೆ. ಕಪ್ಪುಹಲಗೆಯ ಮೇಲೆ ಬರೆದು, ಎರಡು ಸಲ ಹೇಳಿಸಿ ಮುಂದೆ ಹೋಗುತ್ತೇವೆ. ಆದರೆ ತಿಕೋಟಾ, ಬಬಲೇಶ್ವರ ಕಡೆಯ ಮಕ್ಕಳಿಗೆ ಬ್ಯಾಟರಿ ಎಂದರೆ ಟಾರ್ಚು. ರಾತ್ರಿ ದ್ರಾಕ್ಷಿ ತೋಟಕ್ಕೆ ನೀರು ಬಿಡಲು ಹೋಗುವ ಅಪ್ಪನ ಕೈಯಲ್ಲಿರುವುದು ಬ್ಯಾಟರಿ, ಅದರೊಳಗೆ ಹಾಕುವುದು ಸೆಲ್ಲು. ಅಭ್ಯಾಸ ಬೋಧನೆಯಲ್ಲಿ ಏಳನೇ ತರಗತಿಯವರನ್ನು ಕೇಳಿದಾಗ ನನಗೆ ಬಂದ ಉತ್ತರವೂ ಅದೇ. ಅದನ್ನು ‘ತಪ್ಪು’ ಎಂದು ಅಳಿಸಬಾರದು ಎಂಬುದು ನನ್ನ ಅಭಿಪ್ರಾಯ.

ಈ ಪದದ ಮೂಲ ಫ್ರೆಂಚ್ ಭಾಷೆಯ ‘ಬಡಿ’ ಎಂಬರ್ಥದ ಕ್ರಿಯಾಪದ. ಇಂಗ್ಲಿಷ್ ಕಾನೂನಿನಲ್ಲಿ ಇಂದಿಗೂ ಬ್ಯಾಟರಿ ಎಂದರೆ ಇನ್ನೊಬ್ಬರ ಮೈಮೇಲೆ ಕೈಮಾಡುವ ಅಪರಾಧ. ಕೋಟೆಗೋಡೆ ಬಡಿಯಲು ಒಟ್ಟಿಗೆ ನಿಲ್ಲಿಸಿದ ತೋಪುಗಳ ಗುಂಪಿಗೂ ಅದೇ ಹೆಸರಾಯಿತು. 1740ರ ದಶಕದ ಕೊನೆಗೆ ಬೆಂಜಮಿನ್ ಫ್ರಾಂಕ್ಲಿನ್ ಸೀಸದ ತಗಡು ಹೊದಿಸಿದ 11 ಗಾಜಿನ ಫಲಕಗಳನ್ನು ಜೋಡಿಸಿ, ಅವುಗಳಲ್ಲಿ ವಿದ್ಯುತ್ ಕೂಡಿಟ್ಟು, ಆ ಜೋಡಣೆಯನ್ನು ಬ್ಯಾಟರಿ ಎಂದು ಕರೆದ. 1800ರಲ್ಲಿ ವೋಲ್ಟಾ ಲೋಹದ ಬಿಲ್ಲೆಗಳನ್ನು ಪೇರಿಸಿ ಮಾಡಿದ ಸಾಧನಕ್ಕೂ ಮುಂದೆ ಅದೇ ಹೆಸರು ಅಂಟಿತು.

ವಿಜಯಪುರದಲ್ಲಿ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಬೇಕೆ? ಶೆರ್ಜಾ ಬುರುಜಿನ ಮೇಲೆ 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ಇದೆ. ಎಷ್ಟೇ ದೊಡ್ಡದಿರಲಿ, ಒಂಟಿಯಾಗಿದ್ದರೆ ಅದು ತೋಪು. ನಾಲ್ಕಾರು ಸೇರಿದರೆ ಬ್ಯಾಟರಿ. ಸೆಲ್ಲಿನ ಲೆಕ್ಕವೂ ಇಷ್ಟೇ. ನಾವು ಮನೋವಿಜ್ಞಾನದಲ್ಲಿ ಓದುವ ಭಾಟಿಯಾ ಬ್ಯಾಟರಿಯೂ ಐದು ಪರೀಕ್ಷೆಗಳ ಒಂದು ಗುಂಪೇ. (ಹೆಸರು ಕೇಳಿ ಕರೆಂಟಿನ ಸಾಮಾನು ಇರಬಹುದೆಂದುಕೊಂಡ ಗೆಳೆಯರು ನಮ್ಮಲ್ಲೇ ಇದ್ದಾರೆ.)

ನಲವತ್ತು ನಿಮಿಷದ ಅವಧಿಯಲ್ಲಿ ಪದದ ಕತೆ ಹೇಳುತ್ತ ಕೂತರೆ ಪಾಠ ಮುಗಿಯುವುದು ಯಾವಾಗ ಎಂದು ಕೇಳುವವರಿದ್ದಾರೆ. ಮೌಲ್ಯಮಾಪನ ಪತ್ರದಲ್ಲಿ ಇದಕ್ಕೆ ಅಂಕವೂ ಇಲ್ಲ. ಆದರೂ ಐದು ನಿಮಿಷ ಕೊಡಲೇಬೇಕು. ಕನ್ನಡ ಮಾಧ್ಯಮದ ಮಗುವಿಗೆ ವಿಜ್ಞಾನದ ಇಂಗ್ಲಿಷ್ ಪದ ಬರೀ ಸದ್ದಾಗಿ ಕೇಳುತ್ತದೆ. ಸದ್ದನ್ನು ಬಾಯಿಪಾಠ ಮಾಡಬಹುದು, ಅದರಿಂದ ಪ್ರಶ್ನೆ ಹುಟ್ಟುವುದಿಲ್ಲ. ಮೇಲಾಗಿ ಊರಿನವರ ಅರ್ಥ ಅಷ್ಟೇನೂ ದೂರದ್ದಲ್ಲ. ಎರಡು ಮೂರು ಸೆಲ್ಲು ಸಾಲಾಗಿ ಕೂರುವ ಕೊಳವೆಗೆ ಒಳಗಿನ ಜೋಡಣೆಯ ಹೆಸರೇ ಬಂದಿದೆ, ಅಷ್ಟೇ.

ಬಬಲೇಶ್ವರದಲ್ಲಿ ತೋಪಿನ ಕತೆ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು: “ಸರ್, ಮೊಬೈಲ್‌ನ್ಯಾಗ ಒಂದ ಐತಿ, ಅದಕ್ಯಾಕ ಬ್ಯಾಟರಿ ಅಂತಾರ?” ಬಹುತೇಕ ಮೊಬೈಲಿನಲ್ಲಿ ಇರುವುದು ಒಂದೇ ಕೋಶ, ಅವಳ ಮಾತು ಸರಿ. ಇಂಗ್ಲಿಷಿನವರೂ ಈಗ ಒಂಟಿ ಸೆಲ್ಲನ್ನು ಬ್ಯಾಟರಿ ಎನ್ನುತ್ತಾರೆ ಎಂದೆ. “ಹಂಗಾದ್ರ ಅವರದೂ ತಪ್ಪ?” ಎಂದಳು.