ಸದ್ದು ಮಾಡದ ಗೇರ್ ಬಾಕ್ಸು



ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಕೆರೆಕಟ್ಟೆಯ ನಮ್ಮ ಮನೆಗೆ ಬಂದಿದ್ದ. ಬಂದದ್ದು ತನ್ನ ದಿವಂಗತ ತಂದೆಯ ಕಾರಿನಲ್ಲಿ. ಅದು 1960ರ ದಶಕದ ಆರಂಭದ ಎಂ.ಜಿ.ಬಿ. ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್ ಎಂಬಲ್ಲಿ 1962ರಿಂದ 1980ರವರೆಗೆ ಈ ಮಾದರಿಯ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದನ್ನು ನೋಡಲು ನಮ್ಮ ಅಂಗಳದಲ್ಲಿ ನೆರೆಹೊರೆಯವರೆಲ್ಲ ಸೇರಿದರು. ಆದರೆ ಹುಡುಗನ ಮುಖದಲ್ಲಿ ಗೆಲುವಿರಲಿಲ್ಲ.

“ಮೇಷ್ಟ್ರೇ, ಇದನ್ನು ಮಾರಿಬಿಡೋಣ ಅಂತಿದ್ದೇನೆ. ಬೆಳಗಿನ ಚಳಿಗೆ ಗೇರು ಬೀಳುವುದೇ ಕಷ್ಟ. ಎರಡನೆಯ ಗೇರಿಗೆ ತಂದರೆ ಕರಕರ ಅನ್ನುತ್ತದೆ. ಗೇರ್ ಬಾಕ್ಸೇ ಹೋಗಿದೆ ಅನ್ನುತ್ತಾರೆ” ಎಂದ.

“ಗೇರ್ ಬಾಕ್ಸಿನ ಎಣ್ಣೆ ಬದಲಾಯಿಸಿ ಎಷ್ಟು ವರ್ಷವಾಯಿತು?” ಎಂದು ಕೇಳಿದೆ. ಮನೆಪಾಠ ಮಾಡದೆ ಬಂದ ದಿನ ನಿಲ್ಲುತ್ತಿದ್ದಂತೆಯೇ ತಲೆ ತಗ್ಗಿಸಿ ನಿಂತ.

ಈ ಲೇಖನ ಬರೆಯಲು ಆ ಮೌನವೇ ಕಾರಣ. ಎಂಜಿನ್ನಿನ ಎಣ್ಣೆಯನ್ನು ನಾವೆಲ್ಲ ಕಾಲಕಾಲಕ್ಕೆ ಬದಲಾಯಿಸುತ್ತೇವೆ. ಅದು ಹೊಗೆಯ ಮಸಿ ಕುಡಿದು ಕಪ್ಪಾಗುತ್ತದೆ. ಕಡಿಮೆಯಾದರೆ ಎಚ್ಚರಿಸಲು ಒಂದು ದೀಪವಿದೆ. ಗೇರ್ ಬಾಕ್ಸಿಗೆ ಅಂತಹ ಭಾಗ್ಯವಿಲ್ಲ. ಅಲ್ಲಿ ಏನೂ ಉರಿಯುವುದಿಲ್ಲ, ಎಣ್ಣೆ ಬೇಗ ಕಪ್ಪಾಗುವುದಿಲ್ಲ, ದೀಪವೂ ಇಲ್ಲ. ಆದುದರಿಂದ “ಸದ್ದು ಮಾಡುವವರೆಗೆ ಮುಟ್ಟಬೇಡಿ” ಎಂಬ ಮಾತು ರೂಢಿಗೆ ಬಂದಿದೆ. ಈ ಮಾತು ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ. ಸದ್ದು ಬರುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ.

ಹಲ್ಲುಗಳು ಉಜ್ಜಿ ಉದುರುವ ಲೋಹದ ಪುಡಿ ಎಣ್ಣೆಯಲ್ಲಿಯೇ ಉಳಿದು ಮತ್ತೆ ಹಲ್ಲುಗಳನ್ನು ತೇಯುತ್ತದೆ. ಕಾವಿಗೂ ಗಾಳಿಗೂ ಎಣ್ಣೆ ಕ್ರಮೇಣ ಹಳಸುತ್ತದೆ. ಇನ್ನು ನಮ್ಮ ಮಲೆನಾಡಿನಲ್ಲಿ ನೀರಿನ ಕಾಟ ಬೇರೆ. ಬಹಳ ವರ್ಷ ನಮ್ಮಲ್ಲಿದ್ದ ಜೀಪನ್ನು ಮಳೆಗಾಲದಲ್ಲಿ ಹಳ್ಳ ದಾಟಿಸುತ್ತಿದ್ದೆವು. ಒಂದು ವರ್ಷ ಅದರ ಗೇರ್ ಬಾಕ್ಸಿನಿಂದ ಇಳಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿತ್ತು. ಬಿಸಿಯಾದ ಪೆಟ್ಟಿಗೆ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಕಿಂಡಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ಜೀಪು ಅದುವರೆಗೆ ಒಂದು ಸದ್ದನ್ನೂ ಮಾಡಿರಲಿಲ್ಲ!

ಹುಡುಗನಿಗೆ ಕಾರಿನ ಕೈಪಿಡಿ ತರಲು ಹೇಳಿದೆ. ಅದರ ಕೊನೆಯ ಖಾಲಿ ಹಾಳೆಗಳಲ್ಲಿ ತಂದೆಯ ನೀಲಿ ಶಾಯಿಯ ಅಕ್ಷರಗಳಿದ್ದವು: ದಿನಾಂಕ, ಓಡಿದ ಮೈಲಿ, ಹಾಕಿದ ಎಣ್ಣೆ. ಎರಡು ವರ್ಷಕ್ಕೊಂದು ಸಾಲು. ಕೊನೆಯ ಸಾಲು 2014ರದು. ತಂದೆ ತೀರಿಕೊಂಡ ಬಳಿಕ ಒಮ್ಮೆ ಯಾವುದೋ ಗ್ಯಾರೇಜಿನಲ್ಲಿ ಎಣ್ಣೆ ಹಾಕಿಸಿದ ನೆನಪಷ್ಟೇ ಮಗನಿಗಿತ್ತು.

ಕೈಪಿಡಿಯನ್ನು ಓದಿದಾಗ ವಿಷಯ ಬಯಲಾಯಿತು. ನಮ್ಮ ಕಡೆ ಗೇರ್ ಬಾಕ್ಸೆಂದರೆ 90 ಅಥವಾ 140 ನಂಬರಿನ ಎಣ್ಣೆ ಎಂಬುದು ಬಾಯಿಪಾಠ. ಆದರೆ ಈ ಕಾರಿನ ಗೇರ್ ಬಾಕ್ಸಿಗೆ ತಯಾರಕರು ಹೇಳಿದ್ದು ಎಂಜಿನ್ನಿಗೆ ಹಾಕುವ ಎಣ್ಣೆಯನ್ನೇ. ಈಗ ಸಿಗುವ 20ಡಬ್ಲ್ಯೂ-50 ಅದಕ್ಕೆ ಸರಿಹೊಂದುತ್ತದೆ. ಇಲ್ಲೊಂದು ಸಂಗತಿ ತಿಳಿದಿರಲಿ. ಎಂಜಿನ್ ಎಣ್ಣೆಯ ಅಂಕಿಗೂ ಗೇರ್ ಎಣ್ಣೆಯ ಅಂಕಿಗೂ ಅಳತೆಗೋಲು ಬೇರೆ. ಬಿಸಿಯಾದಾಗ 90 ನಂಬರಿನ ಗೇರ್ ಎಣ್ಣೆ ಹೆಚ್ಚುಕಡಿಮೆ 40–50ರ ಎಂಜಿನ್ ಎಣ್ಣೆಯಷ್ಟೇ ಗಟ್ಟಿ. 140 ಅದಕ್ಕಿಂತ ಬಹಳ ಗಟ್ಟಿ.

ಮರುದಿನ ಬೆಳಿಗ್ಗೆ ಎಸ್.ಕೆ. ಬಾರ್ಡರ್ ಕಡೆಗೆ ಕಾರನ್ನು ಓಡಿಸಿ ತಂದೆವು. ಬೆಚ್ಚಗಾದ ಎಣ್ಣೆ ಕಸವನ್ನೂ ಹೊತ್ತು ಇಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟೆವು. ಜಾಕಿಯೊಂದನ್ನೇ ನಂಬಿ ಯಾರೂ ಕಾರಿನಡಿ ನುಗ್ಗಬಾರದು. ಈ ಹಳೆಯ ಮಾದರಿಯಲ್ಲಿ ಗೇರ್ ಬಾಕ್ಸಿಗೂ ಅಳತೆಕಡ್ಡಿಯಿದೆ. ಅದು ಕಾರಿನೊಳಗೆ, ಕಾಲಡಿಯ ಹಾಸನ್ನು ಸರಿಸಿ ರಬ್ಬರಿನ ಬಿರಡೆ ತೆಗೆದರೆ ಸಿಗುತ್ತದೆ. ಹೊಸ ಎಣ್ಣೆಯನ್ನೂ ಅಲ್ಲಿಂದಲೇ ಹಾಕಬೇಕು. ಕಡ್ಡಿಯಿಲ್ಲದ ಕಾರುಗಳಲ್ಲಿ, ಎಣ್ಣೆ ತುಂಬುವ ಪಕ್ಕದ ಬೋಲ್ಟು ಬಿಚ್ಚುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಕೆಳಗಿನದನ್ನು ಬಿಚ್ಚಿರಿ. ಇಲ್ಲವಾದರೆ ಇದ್ದ ಎಣ್ಣೆಯೂ ಹೋಗಿ, ಹೊಸದನ್ನು ಹಾಕಲೂ ಆಗದೆ ಕೂರಬೇಕಾದೀತು.

ಕೆಳಗಿನ ಬೋಲ್ಟು ಬಿಚ್ಚಿದಾಗ ಬೋಗುಣಿಗೆ ಬಿದ್ದದ್ದು ಜೋನಿಬೆಲ್ಲದಂತಹ ಎಣ್ಣೆ. ಮೂಗಿಗೆ ಗಂಧಕದ ಘಾಟು. ಎಂಜಿನ್ ಎಣ್ಣೆಗೆ ಆ ವಾಸನೆಯಿರುವುದಿಲ್ಲ. ಭಾರೀ ಒತ್ತಡ ತಾಳಲೆಂದು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿದ ಗೇರ್ ಎಣ್ಣೆಯದು. ಜಿಎಲ್-5 ದರ್ಜೆಯ ಎಣ್ಣೆಯಲ್ಲಿ ಇವು ಜಿಎಲ್-4ಕ್ಕಿಂತ ಹೆಚ್ಚು. ಹಳೆಯ ಗೇರ್ ಬಾಕ್ಸುಗಳಲ್ಲಿ ಗೇರುಗಳ ವೇಗವನ್ನು ಹೊಂದಿಸುವ ಉಂಗುರಗಳು ಹಿತ್ತಾಳೆ ಅಥವಾ ಕಂಚಿನವು. ಅಂತಹ ಲೋಹವನ್ನು ಕೆಲವು ಗಂಧಕದ ಸಂಯುಕ್ತಗಳು ಕಾವಿನಲ್ಲಿ ತಿನ್ನಬಲ್ಲವು. ಎಣ್ಣೆ ಅತಿ ಜಾರುವಂತಿದ್ದರೆ ಉಂಗುರಕ್ಕೆ ಹಿಡಿತವೂ ಸಿಗುವುದಿಲ್ಲ.

ಅರ್ಧ ಗಂಟೆ ಸೋರಲು ಬಿಟ್ಟು, ಬೋಲ್ಟನ್ನು ಒರೆಸಿ, ಹೊಸ ವಾಷರ್ ಹಾಕಿ ಬಿಗಿದೆವು. ಆಲಿಕೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕಡ್ಡಿಯಿಂದ ಅಳೆಯುತ್ತಾ ಸುಮಾರು 2.5 ಲೀಟರ್ ಹೊಸ ಎಣ್ಣೆ ಹಾಕಿದೆವು.

ಫಲವೇನು? ಮರುದಿನದ ಮಂಜಿನಲ್ಲಿಯೂ ಗೇರು ಬೆಣ್ಣೆಯಂತೆ ಬಿತ್ತು. ಆದರೆ ಎರಡನೆಯ ಗೇರಿನ ಕರಕರ ನಿಲ್ಲಲಿಲ್ಲ. ಸ್ವಲ್ಪ ತಗ್ಗಿತು, ಅಷ್ಟೇ. ಸವೆದ ಉಂಗುರವನ್ನು ಯಾವ ಎಣ್ಣೆಯೂ ಮತ್ತೆ ಬೆಳೆಸಲಾರದು. ಒಂದು ಉಂಗುರಕ್ಕಾಗಿ ಈಗ ಇಡೀ ಗೇರ್ ಬಾಕ್ಸನ್ನು ಇಳಿಸಬೇಕು. ತಂದೆಯ ಸಾಲುಗಳನ್ನು ಮಗ ಮುಂದುವರಿಸಿದ್ದರೆ ಬಹುಶಃ ಈ ಖರ್ಚು ಇರುತ್ತಿರಲಿಲ್ಲ. ಅವನಿಗೆ ನೋವಾಗುವುದೆಂದು ಗೊತ್ತಿದ್ದೂ ಇದನ್ನು ಹೇಳಿದೆ. ಉತ್ತರ ತಪ್ಪಿದ್ದರೆ ತಪ್ಪೆಂದು ಗೀಟು ಹಾಕುವುದು ನನ್ನ ಹಳೆಯ ಅಭ್ಯಾಸ.

ಈಗಿನ ಕೆಲವು ಕಾರುಗಳ ಗೇರ್ ಬಾಕ್ಸಿನ ಎಣ್ಣೆ “ಆಜೀವ” ಎನ್ನುತ್ತಾರೆ. ಯಾರ ಜೀವಮಾನ? ಎಂಟು ವರ್ಷಕ್ಕೆ ಕಾರು ಮಾರುವವನ ಲೆಕ್ಕಕ್ಕೆ ಅದು ಸರಿಯಿರಬಹುದು. ತಂದೆಯಿಂದ ಮಗನಿಗೆ ಬಂದ ಕಾರಿಗೆ ಆ ಲೆಕ್ಕ ಸಲ್ಲದು.

ಇನ್ನೊಂದು ಮಾತು. ಹಳೆಯ ಎಣ್ಣೆಯನ್ನು ಬೇಲಿಯ ಗೂಟಗಳಿಗೆ ಬಳಿಯುವುದು, ಉಳಿದದ್ದನ್ನು ಚರಂಡಿಗೆ ಚೆಲ್ಲುವುದು ನಮ್ಮಲ್ಲಿದ್ದ ವಾಡಿಕೆ. ನಾನೂ ಹಾಗೆಯೇ ಮಾಡಿದವನು. ಈ ಭಾಗದ ಹಳ್ಳಗಳ ನೀರು ತುಂಗೆಯನ್ನು ಸೇರಿ, ಶೃಂಗೇರಿಯ ದೇವರ ಮೀನುಗಳಿರುವ ಮಡುವಿಗೂ ಹೋಗುತ್ತದೆ ಎಂಬುದನ್ನು ಆಗ ಯೋಚಿಸಿರಲಿಲ್ಲ. 2016ರ ನಿಯಮಗಳಂತೆ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಹುಡುಗ ಅದನ್ನು ಡಬ್ಬಿಗೆ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಲು ಜೊತೆಯಲ್ಲೇ ಒಯ್ದ.

ಹೊರಡುವ ಮೊದಲು ಕೈಪಿಡಿಯನ್ನು ತೆರೆದು, 2014ರ ಸಾಲಿನ ಕೆಳಗೆ ಆ ದಿನದ ದಿನಾಂಕ, ಮೈಲಿ, ಎಣ್ಣೆಯ ಹೆಸರು ಬರೆದ. ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಿ ಹಳೆಯ ವಾಹನವಿದೆಯೋ ಅವರಿಗೆಲ್ಲ ಇದು ಮೇಷ್ಟ್ರು ಕೊಟ್ಟ ಮನೆಪಾಠ: ಗೇರ್ ಬಾಕ್ಸಿನ ಎಣ್ಣೆ ಕೊನೆಯ ಸಲ ಬದಲಾದದ್ದು ಯಾವಾಗ, ಹಾಕಿದ್ದು ಯಾವುದು? ನೆನಪಿಲ್ಲವೆಂದಾದರೆ, ಬದಲಾಯಿಸುವ ಕಾಲ ಬಂದಿದೆ ಎಂದೇ ಅರ್ಥ.