ಹಿತ್ತಲ ಬೇವಿನ ಹಕ್ಕು ಯಾರದು?



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ನಾವು ಕಡೆಗಣಿಸಿದ ಆ ಗಿಡವನ್ನೇ ಬೇರೆಯವರು ಮದ್ದೆಂದು ಬರೆಸಿಕೊಂಡು, ಅದರ ಮೇಲೆ ಹಕ್ಕು ಸ್ಥಾಪಿಸಿದರೆ ಏನಾದೀತು? ಬೇವಿನ ವಿಷಯದಲ್ಲಿ ಹೀಗೆಯೇ ಆಯಿತು.

ಹೊಸದನ್ನು ಕಂಡುಹಿಡಿದವನಿಗೆ ಸರಕಾರ ಕೊಡುವ ಹಕ್ಕುಪತ್ರಕ್ಕೆ ಪೇಟೆಂಟ್ ಎನ್ನುತ್ತಾರೆ. ಸಾಮಾನ್ಯವಾಗಿ 20 ವರ್ಷ ಅವನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ಆದರೆ ಆ ವಸ್ತು ನಿಜವಾಗಿಯೂ ಹೊಸದಾಗಿರಬೇಕು. ಶ್ರಮಪಟ್ಟು ಹೊಸದನ್ನು ಕಂಡವನಿಗೆ ಫಲ ಸಿಗಲಿ, ಅದಕ್ಕೆ ನಮ್ಮ ತಕರಾರಿಲ್ಲ. ಹಳೆಯದಕ್ಕೆ ಹೊಸ ಹೆಸರಿಟ್ಟರೆ ಮಾತ್ರ ಒಪ್ಪಲಾಗದು.

1994ರಲ್ಲಿ ಯುರೋಪಿಯನ್ ಪೇಟೆಂಟ್ ಕಚೇರಿಯು ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರ ರೋಗ ತಡೆಯುವ ವಿಧಾನಕ್ಕೆ ಪೇಟೆಂಟ್ ಕೊಟ್ಟಿತು. ಪಡೆದವರು ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಕಂಪನಿ. ಡಾ. ವಂದನಾ ಶಿವ, ಯುರೋಪಿನ ಸಂಸತ್ ಸದಸ್ಯೆ ಮಗ್ದಾ ಆಲ್ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 1995ರಲ್ಲಿ ತಕರಾರು ಸಲ್ಲಿಸಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯಿತು. ಒಂದು ಕಾಗದ ಹರಿಯಲು ಹತ್ತು ವರ್ಷ ಬೇಕಾಯಿತು!

ಇದರಲ್ಲಿ ನಮ್ಮ ಭಾಗದವರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮಹಾರಾಷ್ಟ್ರದ ಒಬ್ಬ ಉದ್ಯಮಿ 1985 ಮತ್ತು 1986ರ ಬೇಸಿಗೆಯಲ್ಲಿ ಪುಣೆ ಹಾಗೂ ಸಾಂಗಲಿ ಜಿಲ್ಲೆಯ ಹೊಲಗಳಲ್ಲಿ ಬೇವಿನ ಸಾರ ಸಿಂಪಡಿಸಿ ಪ್ರಯೋಗ ಮಾಡಿದ್ದರು. ಅವರ ಪ್ರಮಾಣಪತ್ರವು 2000ದ ತೀರ್ಪಿನಲ್ಲಿ ದೊಡ್ಡ ಸಾಕ್ಷಿಯಾಯಿತು. ಸಾಂಗಲಿ ಎಂದರೆ ಇಚಲಕರಂಜಿಯ ಪಕ್ಕದ ಜಿಲ್ಲೆ. ನಮ್ಮ ನೆರೆಯ ಹೊಲದ ಮಾತು ಮ್ಯೂನಿಕ್ ನಗರದವರೆಗೆ ತಲುಪಿತು. ಬೇವು ನಮಗೆ ತಲತಲಾಂತರದಿಂದ ಗೊತ್ತು ಎಂಬ ಮಾತಷ್ಟೇ ಸಾಲದು. ಎಲ್ಲಿ, ಯಾವಾಗ, ಹೇಗೆ ಬಳಸಿದಿರಿ ಎಂದು ಅಲ್ಲಿ ಕೇಳುತ್ತಾರೆ.

ಯುರೋಪಿನ ಪೇಟೆಂಟ್ ನಮ್ಮ ಹೊಲಕ್ಕೆ ಅನ್ವಯಿಸುವುದಿಲ್ಲ, ನಿಜ. ಆದರೆ ನಮ್ಮ ಮಾಲು ಆ ಪೇಟೆಗೆ ಹೋಗುವಾಗ ಅಡ್ಡ ನಿಲ್ಲಬಹುದು. ಬೇವಿನ ನಂತರವೂ ಇಂಥ ಪ್ರಯತ್ನ ನಿಲ್ಲಲಿಲ್ಲ. ಭಾರತದ ಕರಬೂಜ ತಳಿಯೊಂದರ ರೋಗನಿರೋಧಕ ಗುಣ ಬಳಸಿದ ಕರಬೂಜಕ್ಕೆ 2011ರಲ್ಲಿ ಮಾನ್ಸಾಂಟೊ ಕಂಪನಿಗೆ ಪೇಟೆಂಟ್ ಸಿಕ್ಕಿತು. ತಕರಾರಿನ ನಂತರ 2016ರಲ್ಲಿ ರದ್ದಾಯಿತು. ಬರೀ ಸಂಕರ ಮತ್ತು ಆಯ್ಕೆಯಿಂದ ಬಂದ ಸಸ್ಯಗಳಿಗೆ ಪೇಟೆಂಟ್ ಇಲ್ಲವೆಂದು ಆ ಕಚೇರಿಯ ಉನ್ನತ ಪೀಠ 2020ರ ಮೇ 14ರಂದು ಹೇಳಿದ್ದು ಸಮಾಧಾನದ ವಿಷಯ. ಆದರೆ 2017ರ ಜುಲೈಗಿಂತ ಮೊದಲಿನ ಅರ್ಜಿಗಳಿಗೆ ಇದು ಅನ್ವಯಿಸದು. 2023ರ ಜೂನ್ 1ರಿಂದ ಅನೇಕ ದೇಶಗಳಿಗೆ ಒಂದೇ ಪೇಟೆಂಟ್, ಒಂದೇ ನ್ಯಾಯಾಲಯ ಬಂದಿದೆ. ಒಂದು ತಪ್ಪು ಹಕ್ಕುಪತ್ರ ಈಗ ಒಮ್ಮೆಲೇ ಹಲವು ದೇಶಗಳಲ್ಲಿ ನಡೆಯುತ್ತದೆ. ಪೇಟೆಂಟ್ ಕಚೇರಿಯಲ್ಲಿ ತಕರಾರಿಗೆ ಇರುವುದು ಒಂಬತ್ತೇ ತಿಂಗಳು.

ನಮ್ಮ ದೇಶ ಕೈಕಟ್ಟಿ ಕುಳಿತಿಲ್ಲ. ಆಯುರ್ವೇದ ಮೊದಲಾದ ಹಳೆಯ ವೈದ್ಯ ಗ್ರಂಥಗಳ ಜ್ಞಾನವನ್ನು ಒಟ್ಟುಮಾಡಿದ ಭಂಡಾರವನ್ನು 2009ರಲ್ಲಿ ಯುರೋಪಿನ ಪೇಟೆಂಟ್ ಪರೀಕ್ಷಕರಿಗೆ ತೆರೆದಿಡಲಾಯಿತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರಾಂಡ್ ಹಾಕದೆ ಮಾರುವ ಹಕ್ಕನ್ನು ನಮಗೆ ಕೊಟ್ಟಿದೆ. ಗಡಹಿಂಗ್ಲಜದ ಪಕ್ಕದ ಆಜರಾ ಘನಸಾಳ ಅಕ್ಕಿಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಗ್ರಂಥದಲ್ಲಿಲ್ಲದೆ ಅಜ್ಜಿಯ ಬಾಯಲ್ಲಷ್ಟೇ ಇರುವುದನ್ನು ಯಾರು ಬರೆಯಬೇಕು? ನಾವೇ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿ, ನಗರ ಸಂಸ್ಥೆಯಲ್ಲಿ ಒಂದು ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹೋಗಿ ಕೇಳಿರಿ. ಕಾಳಿನ ಕಣಜಕ್ಕೆ ಬೇವಿನ ಎಲೆ ಹಾಕುವುದು, ಮನೆಯ ಜೋಳ, ಮೆಣಸಿನಕಾಯಿಯ ಬೀಜ, ದನದ ಮದ್ದು, ಇವನ್ನು ಊರು, ವರ್ಷ, ಅಳತೆ ಸಮೇತ ಬರೆಸಿರಿ. ಬರೆದರೆ ಕದಿಯುವುದು ಸುಲಭವಲ್ಲವೇ ಎಂದು ಕೆಲವರು ಅಂಜುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ಬಯಲಿಗೆ ತರಬಾರದ ಗುಟ್ಟಿದ್ದರೆ ಮೊದಲೇ ಸಮಿತಿಗೆ ತಿಳಿಸಿರಿ. ಆದರೆ ಊರಿಗೆಲ್ಲ ಗೊತ್ತಿರುವುದು ತಾರೀಖಿನೊಡನೆ ದಾಖಲಾದರೆ, ಅದು ನನ್ನ ಹೊಸ ಶೋಧ ಎನ್ನುವುದು ಯಾರಿಗೂ ಸುಲಭವಾಗದು.

ಮಾದರಿಗೆ ಒಂದು: 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಹಿಂಡಬೇಕು; ಸೋಸಿ, 100 ಲೀಟರ್ ಮಾಡಿ, ಸಂಜೆ ಸಿಂಪಡಿಸಬೇಕು. ಬೇವಿನೆಣ್ಣೆಯನ್ನು ಮಾತ್ರ ಮಕ್ಕಳಿಗೆ ಕುಡಿಸಬೇಡಿರಿ, ಜೀವಕ್ಕೆ ಅಪಾಯ.

ಮಕ್ಕಳಿಗೆ ಹೊಲದ ಉತಾರ ಜೋಪಾನವಾಗಿ ತೆಗೆದಿಡುತ್ತೇವಲ್ಲವೇ? ಹೊಲದ ವಿದ್ಯೆಗೂ ಒಂದು ಉತಾರ ಇರಲಿ.