ಆಟಿಕೆಯ ಕಾರೂ ಪದವೀಧರನ ಕೈಯೂ

ಪದವಿಗೆ ಓದುವವನು ಲೇಖನಿಯ ಹೊರತು ಬೇರೇನನ್ನೂ ಕೈಯಲ್ಲಿ ಹಿಡಿಯಬಾರದೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಯಡ್ರಾಮಿಯ ಒಕ್ಕಲುತನದ ಮನೆಯಿಂದ ಬಂದು, ಮನೆತನಕ್ಕೆ ಮೊದಲಿಗನಾಗಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದ ನನಗಂತೂ ಈ ಮಾತನ್ನು ಹೇಳದವರಿಲ್ಲ. ಬಿಡುವಿನ ವೇಳೆಯಲ್ಲಿ ನಾನು ಓಟದ ಕಾರಿನ ಪುಟ್ಟ ಮಾದರಿಗೆ ಬಣ್ಣ ಹಚ್ಚುವುದನ್ನು ಕಂಡ ನಮ್ಮ ಕಾಕಾ, “ಓದ್ಲಾಕ ಕಳ್ಸಿದ್ರ ಆಟದ ಸಾಮಾನ ಮಾಡ್ಕೋತ ಕುಂತಿ ಏನೋ ತಮ್ಮಾ?” ಎಂದರು. ತೊಗರಿ ಮಾರಿದ ದುಡ್ಡಿನಿಂದ ಓದಿಸುವವರಿಗೆ ಹೀಗೆ ಕೇಳುವ ಹಕ್ಕುಂಟು. ಆ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಈ ಕೆಲಸ ಎಂಥದೆಂಬುದನ್ನು ಹೇಳಬೇಕು. ನಿಜವಾದ ಕಾರಿನ ಎಲ್ಲ ಅಳತೆಗಳನ್ನೂ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ ಮಾಡಿದ ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ. 4.8 ಮೀಟರ್ ಉದ್ದದ ಕಾರು ಇಲ್ಲಿ 20 ಸೆಂಟಿಮೀಟರ್ ಆಗುತ್ತದೆ. ಭಾಗಗಳನ್ನು ಸಾಬೂನು ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡನ್ನು ತೆಗೆಯಬೇಕು. ನಯವಾದ ಮರಳು ಕಾಗದದಿಂದ ಉಜ್ಜಬೇಕು. ಆಮೇಲೆ ಪ್ರೈಮರ್ ಎಂಬ ತಳಬಣ್ಣ. ಅದು ಒಣಗಿದ ಮೇಲೆ ಮೈಬಣ್ಣವನ್ನು ಒಮ್ಮೆಲೇ ದಪ್ಪಗೆ ಬಳಿಯದೆ, ಎರಡು ಮೂರು ತೆಳು ಪದರಗಳಾಗಿ ಸಿಂಪಡಿಸಬೇಕು. ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಡುಹಗಲಿನಲ್ಲಿ ಸಿಂಪಡಿಸಿದ ಬಣ್ಣ ಸಾಮಾನಿನ ಮೇಲೆ ಕೂರುವ ಮೊದಲೇ ಒಣಗಿ ತರಿತರಿಯಾಗುತ್ತದೆ. ಆದ್ದರಿಂದ ಎರೆಮಣ್ಣಿನ ಧೂಳು ಏಳುವ ಮುನ್ನ, ಬೆಳಗಿನ ತಂಪಿನಲ್ಲಿಯೇ ಕೆಲಸ ಮುಗಿಸಬೇಕು.

ಬಣ್ಣದ ತರುವಾಯ ಡಿಕಾಲ್. ಓಟದ ಕಾರಿನ ಮೇಲಿರುವ ಅಂಕಿ, ಪಟ್ಟೆ, ಹೆಸರುಗಳನ್ನು ಅಚ್ಚು ಹಾಕಿದ ಅತಿ ತೆಳುವಾದ ಪೊರೆಗೆ ಈ ಹೆಸರು. ಕತ್ತರಿಸಿದ ತುಂಡನ್ನು ಅರ್ಧ ನಿಮಿಷದಷ್ಟು ನೀರಿನಲ್ಲಿ ನೆನೆಸಿದರೆ ಪೊರೆಯು ಕಾಗದದಿಂದ ಸಡಿಲಗೊಳ್ಳುತ್ತದೆ. ಅದನ್ನು ಕೀಳಬಾರದು, ಜಾರಿಸಬೇಕು. ಒದ್ದೆ ಕುಂಚದಿಂದ ತಕ್ಕ ಜಾಗಕ್ಕೆ ತಂದು, ನಡುವಿನಿಂದ ಅಂಚಿನ ಕಡೆಗೆ ಹತ್ತಿಯಿಂದ ಒತ್ತಿ ನೀರನ್ನು ಹೊರಡಿಸಬೇಕು. ಕೆಲಸದ ಗುಟ್ಟೆಲ್ಲ ಇಲ್ಲಿದೆ. ತಳ ನುಣುಪಾಗಿರದಿದ್ದರೆ ಪೊರೆಯ ಕೆಳಗಿನ ಸಣ್ಣ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು, ಅಂಟಿಸಿದ ಜಾಗವೆಲ್ಲ ಬೆಳ್ಳಗೆ ಮಿನುಗುತ್ತದೆ. ಆಗ ಆ ಹೆಸರು ಕಾರಿನದಾಗಿ ಕಾಣುವುದಿಲ್ಲ. ಎಲ್ಲಿಂದಲೋ ತಂದು ಮೆತ್ತಿದಂತೆ ಕಾಣುತ್ತದೆ. ಅದಕ್ಕಾಗಿಯೇ ಡಿಕಾಲಿಗೆ ಮೊದಲು ಹೊಳಪಿನ ವಾರ್ನಿಷಿನ ಒಂದು ಪದರ ಕೊಡುವುದುಂಟು.

ಇದೆಲ್ಲ ಪರದೇಶದ ಹುಚ್ಚೆಂದು ನಗುವ ಮಿತ್ರರಿದ್ದಾರೆ. ಪೆಟ್ಟಿಗೆ ಪರದೇಶದ್ದಿರಬಹುದು, ಕೆಲಸ ಪರದೇಶದ್ದಲ್ಲ. ಕಾರಹುಣ್ಣಿಮೆಯ ದಿನ ನಾವು ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಸಿಂಗರಿಸಿ, ಕರಿ ಹರಿಯಲು ಓಡಿಸುತ್ತೇವೆ. ಹದಿನೈದು ದಿನಗಳ ತರುವಾಯ ಮಣ್ಣೆತ್ತಿನ ಅಮವಾಸ್ಯೆಗೆ ಅವೇ ಎತ್ತುಗಳನ್ನು ಅಂಗೈಯಗಲದ ಮಣ್ಣಿನಲ್ಲಿ ಮಾಡಿ ಪೂಜಿಸುತ್ತೇವೆ. ಓಡುವುದನ್ನು ಸಿಂಗರಿಸುವುದೂ, ಅದರ ಪುಟ್ಟ ಮಾದರಿ ಮಾಡುವುದೂ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಇನ್ನು ಕೊಪ್ಪಳದ ಸಮೀಪದ ಕಿನ್ನಾಳವನ್ನು ನೋಡಿರಿ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆಬೀಜದ ಅಂಟು ಬೆರೆಸಿದ ಹದದಿಂದ ಸಂದುಗಳನ್ನು ಮುಚ್ಚಿ, ಬಿಳಿಯ ತಳ ಕಟ್ಟಿದ ಮೇಲೆಯೇ ಬಣ್ಣಕ್ಕೆ ಕೈ ಹಾಕುತ್ತಾರೆ. ಪೆಟ್ಟಿಗೆಯೊಳಗಿನ ಸೂಚನಾ ಪತ್ರ ಹೇಳುವುದೂ ಇದನ್ನೇ ಅಲ್ಲವೇ?

ಓಟದ ಕಾರಿನ ಚರಿತ್ರೆಯಲ್ಲಿಯೂ ಒಂದು ಪಾಠವಿದೆ. ಹಿಂದೆ ಇಂಗ್ಲೆಂಡಿನ ಕಾರಿಗೆ ಹಸಿರು, ಇಟಲಿಯದಕ್ಕೆ ಕೆಂಪು, ಫ್ರಾನ್ಸಿನದಕ್ಕೆ ನೀಲಿ ಎಂದು ದೇಶಕ್ಕೊಂದು ಬಣ್ಣವಿತ್ತು. 1968ರಲ್ಲಿ ಇಂಗ್ಲೆಂಡಿನ ಲೋಟಸ್ ತಂಡವು ತನ್ನ ಹಸಿರನ್ನು ಬಿಟ್ಟು, ಸಿಗರೇಟು ಕಂಪನಿಯೊಂದರ ಕೆಂಪು, ಬಿಳಿ, ಬಂಗಾರದ ಬಣ್ಣ ತೊಟ್ಟಿತು. ಕ್ರಮೇಣ ಕಾರಿನ ಮೈಯೆಲ್ಲ ಜಾಹೀರಾತಿನ ಗೋಡೆಯಾಯಿತು. ಮೇಲಿನ ಹೆಸರು ಎಷ್ಟು ಸಲ ಬದಲಾದರೂ ಕಾರನ್ನು ಗುರಿ ಮುಟ್ಟಿಸುವುದು ಒಳಗಿನ ಯಂತ್ರ ಮತ್ತು ಓಡಿಸುವವನ ಕೈ.

ನಮಗೆ ಕೆಲವು ತಿಂಗಳಲ್ಲಿ ಅಂಟಲಿರುವ ‘ಬಿ.ಎ.’ ಎಂಬುದೂ ಒಂದು ಡಿಕಾಲೇ. ನಾನು ಅದನ್ನು ಹಳಿಯುತ್ತಿಲ್ಲ. ನಮ್ಮ ಮನೆಯಲ್ಲಿ ಆ ಎರಡಕ್ಷರಗಳಿಗಾಗಿ ಅಪ್ಪ ಅವ್ವ ಎಷ್ಟು ಸವೆದಿದ್ದಾರೆಂಬುದನ್ನು ನಾನು ಬಲ್ಲೆ. ಆದ್ದರಿಂದಲೇ ಅದು ಗಟ್ಟಿಯಾದ ತಳದ ಮೇಲೆ ಕೂರಲೆಂದು ಬಯಸುತ್ತೇನೆ. ಕಚೇರಿಯಲ್ಲಿ ಕೆಲಸ ಸಿಕ್ಕದೆ, ಹೊಲಕ್ಕೆ ಹೋಗಲು ನಾಚಿ, ಚಹಾದಂಗಡಿಯ ಬೆಂಚಿನ ಮೇಲೆ ದಿನ ಕಳೆಯುವ ಪದವೀಧರರನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಪುಸ್ತಕದ ಜ್ಞಾನ ಕಡಿಮೆಯಾಗಿಲ್ಲ. ಕೈಗೆಲಸದ ಮೇಲಿನ ಗೌರವ ಕಡಿಮೆಯಾಗಿದೆ. ಹನ್ನೆರಡನೆಯ ಶತಮಾನದ ಶರಣರನ್ನು ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂದು ಅವರವರ ಕಾಯಕದಿಂದಲೇ ಗುರುತಿಸಿದ ನಾಡು ನಮ್ಮದು. 1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನು ಶಿಕ್ಷಣದ ನಡುವಿನಲ್ಲಿಟ್ಟರು. ನಾವು ಅದನ್ನು ಪರೀಕ್ಷೆಗೆ ಟಿಪ್ಪಣಿಯಾಗಿ ಬಾಯಿಪಾಠ ಮಾಡಿ ಮುಗಿಸಿದ್ದೇವೆ!

ಈ ಹವ್ಯಾಸಕ್ಕೆ ಹಣ ಬೇಕು, ಬಡವರಿಗೆ ಇದು ಎಟುಕದು ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಎಲ್ಲರೂ ಪೆಟ್ಟಿಗೆ ಕೊಂಡು ತರಬೇಕೆಂದು ನಾನು ಹೇಳುವುದಿಲ್ಲ. ಮರದ ತುಂಡು, ರಟ್ಟು, ಎರೆಮಣ್ಣು ಯಾವುದಾದರೂ ಸರಿಯೇ. ಅಳತೆ ತಪ್ಪದೆ, ಅವಸರಪಡದೆ, ಕಾಣದ ತಳವನ್ನೂ ಕಾಣುವ ಮೇಲ್ಮೈಯಷ್ಟೇ ಶ್ರದ್ಧೆಯಿಂದ ಮಾಡುವುದನ್ನು ಕೈ ಕಲಿಯಬೇಕು. ನಮ್ಮ ಕಾಲೇಜಿನಲ್ಲಿ ಇದಕ್ಕಾಗಿ ಒಂದು ಕೋಣೆ, ಒಂದು ಉದ್ದನೆಯ ಮೇಜು, ವಾರಕ್ಕೆ ಎರಡು ತಾಸು ದೊರೆತರೆ ಸಾಕು. ಬಡಿಗ, ಕಂಬಾರ, ಕುಂಬಾರರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅಲ್ಲಿ ಅವರೇ ನಮಗೆ ಗುರುಗಳಾಗಲಿ. ಮಾನ್ಯ ಅಧ್ಯಾಪಕ ವರ್ಗದವರು ಈ ಬಿನ್ನಹವನ್ನು ಪರಿಶೀಲಿಸಬೇಕೆಂದು ವಿನಂತಿ.

ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ನಮ್ಮ ಮೇಲೆ ಬಾರದಿರಲಿ. ಹೆಸರಿನ ಮುಂದೆ ಪದವಿ ಬರೆದುಕೊಳ್ಳುವ ಮೊದಲು, ವಿದ್ಯಾರ್ಥಿ ಬಂಧುಗಳೇ, ನಮ್ಮ ಕೈಗಳಿಗೊಂದು ಕೆಲಸ ಕಲಿಸೋಣ.